ಹತ್ತಾಗಬೇಕಿದ್ದ ಪೊಟ್ಟಣ ಒಂಬತ್ತು

೧೯ ಅಕ್ಟೋಬರ್, ಭಾನುವಾರ. ಇರಕಲ್ಲಗಡ

ಬಂದೂಕಿನ ಮದ್ದು ತೂಗಿದರೆ ಹತ್ತು ಪೊಟ್ಟಣ ಆಗಬೇಕಿತ್ತು. ಆಗಿದ್ದು ಒಂಬತ್ತೇ, ಡಬ್ಬಿ ಖಾಲಿ. ನಡುವೆ ಹಾಸ್ಟೆಲಿನ ಗೆಳತಿ ರೂಪಾಳ ಫೋನ್ ಬಂತು. ಮಾತಾಡುತ್ತ ಒಂದೇ ಪೊಟ್ಟಣಕ್ಕೆ ಎರಡು ಸಲ ಸುರಿದಿದ್ದೇನೆ. ಯಾವುದಕ್ಕೆ?

ಮೆಕ್ಕೆಜೋಳಕ್ಕೆ ಬರುವ ಹಂದಿಗೆಂದು ಮಾವನ ಹತ್ತಿರ ಲೈಸೆನ್ಸಿನ ಬಂದೂಕಿದೆ, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಅಂಗೈಯಲ್ಲಿ ಅಳೆದು ತುಂಬುತ್ತಿದ್ದ. ಗುಂಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ. "ಅಂದಾಜು ಬ್ಯಾಡ ಮಾವಾ" ಎಂದು ಡಿಜಿಟಲ್ ತಕ್ಕಡಿ ತಂದವಳು ನಾನೇ. ಮೊನ್ನೆ ದೂರದ ಹಲಗೆಗೆ ಹೊಡೆದ ಐದೂ ಗುಂಡು ಒಂದು ಗೇಣಿನೊಳಗೆ ಬಿದ್ದವು. ಅಂದಿನಿಂದ ಮಾವ ಕೈಯಲ್ಲಿ ಅಳೆಯುವುದನ್ನೇ ಬಿಟ್ಟಿದ್ದಾನೆ, ಪೊಟ್ಟಣ ಹರಿದು ಸೀದಾ ಸುರಿಯುತ್ತಾನೆ.

ಸಂಜೆ ಪಕ್ಕದ ಹೊಲದ ಬಾಲಪ್ಪನಿಗೆ, "ನಮ್ಮ ಅಮೃತಾ ತೂಗಿದ್ರ ಮುಗೀತು. ನಿನ್ನಂಗ ಕಣ್ಣಳತಿ ಅಲ್ಲೋ!" ಎಂದ. ಆಗಲೇ ಹೇಳಬೇಕಿತ್ತು. ನಕ್ಕುಬಿಟ್ಟೆ.

ಬೆಳಿಗ್ಗೆ ಐದಕ್ಕೆ ಹೊಲಕ್ಕೆ ಹೋಗುತ್ತಾನೆ. ಎರಡು ಪಟ್ಟು ಮದ್ದಿಗೆ ಆ ಹಳೆಯ ನಳಿಗೆ ಒಡೆದರೆ ಅವನ ಕಣ್ಣು, ಕೈ... ಮತ್ತೆ ತೂಗಿದರೆ ಗೊತ್ತಾಗುತ್ತದೆ, ಆದರೆ ಪೊಟ್ಟಣಗಳ ಚೀಲ ಅವನ ತಲೆದೆಸೆಯಲ್ಲಿದೆ. ಕೇಳಿದರೆ ಕಾರಣ ಹೇಳಬೇಕು.

ಈಗಷ್ಟೇ ಪಡಸಾಲೆಯಿಂದ ಕೂಗಿದ: "ಇನ್ನೂ ಲೈಟ್ ಹಚ್ಚೀಯೇನವಾ? ಮಲಕೋ."

"ಓದಾಕತ್ತೀನಿ ಮಾವಾ" ಎಂದೆ. ಸುಳ್ಳು.

ಅವನ ಕೈ ಹೋದರೂ ನನ್ನ ಮರ್ಯಾದೆ ಉಳಿಯಲಿ ಅಂತ ಕೂತಿದ್ದೇನೆಯೇ ನಾನು? ಹೇಗೆ ಶುರು ಮಾಡಲಿ? "ಮಾವಾ, ಒಂದರಾಗ ಎರಡು ಸಲ ಹಾಕೀನಿ." ಇಷ್ಟೇ ಸಾಕು. ಕೆಮ್ಮುತ್ತಿದ್ದಾನೆ, ಇನ್ನೂ ನಿದ್ದೆ ಹತ್ತಿಲ್ಲ. ಹೋಗ್ತೀನಿ, ಈಗಲೇ, ತಕ್ಕಡಿ ಹಿಡಕೊಂಡೇ