ಪ್ರಣತಿಗೆ ಬಿದ್ದ ಮತಗಳು

ಉರಯಾಸು, ಜಪಾನ್

ಸ್ಕೌಟ್ ನಾಯಕರಾದ ವಿಶ್ವನಾಥ ಅವರಿಗೆ ತಾರಾಳ ನಮಸ್ಕಾರಗಳು.

ತಂಡದ ಮಕ್ಕಳೆಲ್ಲ ಮತ ಹಾಕಿ ಪ್ರಣತಿಯನ್ನು ಸ್ಕೌಟುಗಳ ಗೌರವ ಸಂಘಕ್ಕೆ ಆರಿಸಿದ್ದಾರೆಂದು ನೀವು ಫೋನ್ ಮಾಡಿದ ದಿನ ಅವಳು ಅರ್ಧ ಊಟಕ್ಕೇ ಎದ್ದುಬಿಟ್ಟಳು. "ಅಪ್ಪ ಹೋದ್ರಲ್ಲ, ಪಾಪ ಅಂತ ವೋಟ್ ಹಾಕಿದಾರೆ. ನಂಗೆ ಬೇಡ ಅಮ್ಮಾ" ಎಂದಳು. ನನಗೂ ಒಳಗೊಳಗೆ ಅದೇ ಅನುಮಾನವಿತ್ತು.

ನಿನ್ನೆ ಅವಳೇ ಹೋಗಿ ತಂಡದ ಗೆಳತಿ ಹಾರುಕಾಳನ್ನು ಕೇಳಿದಳಂತೆ. "ಕ್ಯಾಂಪಲ್ಲಿ ಮಳೆ ಬಂದಾಗ ನಾವೆಲ್ಲ ಬಸ್ಸಿಗೆ ಓಡಿದ್ವಿ. ನೀನೊಬ್ಬಳೇ ಹಿಂದೆ ಉಳಿದು ಚಿಕ್ಕವರ ಟೆಂಟ್ ಬಿಚ್ಚಿದೆ. ಅದಕ್ಕೇ ಹಾಕಿದೆ" ಎಂದಳಂತೆ ಹಾರುಕಾ.

ಆ ದಿನ ತೊಯ್ದು ಬಂದ ಮಗಳ ತಲೆ ಒರೆಸಿದವರು ನಮ್ಮನೆಯವರೇ. ಆಗಿನ್ನೂ ಅವರಿಗೆ ಕಾಯಿಲೆಯ ಸುಳಿವೇ ಇರಲಿಲ್ಲ. ಹಾರುಕಾಳ ಮಾತನ್ನು ನನಗೆ ಹೇಳುತ್ತಾ ಪ್ರಣತಿ, ಅವರು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಸಂಘಕ್ಕೆ ಸೇರುವ ಮುನ್ನ ಮಾಡಬೇಕಾದ ಶನಿವಾರದ ಸೇವೆಗೆ ಅವಳು ಬರುತ್ತಾಳೆ. ದಿನವಿಡೀ ಮಾತಾಡದೆ ದುಡಿಯಬೇಕು, ಊಟವೂ ಅಷ್ಟಕ್ಕಷ್ಟೇ ಎಂದಿದ್ದಿರಿ. ತಡೆದುಕೊಳ್ಳುತ್ತಾಳೆ. ಮೊಟ್ಟೆ ಮಾತ್ರ ತಿನ್ನುವುದಿಲ್ಲ.

ಇನ್ನೊಂದು ಕೋರಿಕೆ. ಅಪ್ಪನಿಲ್ಲದ ಹುಡುಗಿಯೆಂದು ಅವಳಿಗೆ ಹಗುರವಾದ ಕೆಲಸ ಕೊಡಬೇಡಿ.

ಇತಿ,
ತಾರಾ