ನಾನೇ ತುಂಬಿಸಿದ ಪೆಟ್ಟಿಗೆ

ಜೂನ್ 9. ಬೆಳಿಗ್ಗೆ 9
ವಾಚನಾಲಯಕ್ಕೆ ಹೋಗಿ ಬಂದೆ. ಆರು ಪತ್ರಿಕೆ, ನಾಲ್ಕು ಮುದುಕರು, ಒಂದು ಫ್ಯಾನ್. ಬಾಗಿಲಿಗೆ ನಗರಪಾಲಿಕೆಯ ನೋಟಿಸ್ — ಕಟ್ಟಡ ಕೆಡವಿ ಪಾರ್ಕಿಂಗ್. ನಮ್ಮ ಪೇಠೆಯ, ಅಂದರೆ ಈ ಬಡಾವಣೆಯ, ಐವತ್ತು ಜನ ಆಕ್ಷೇಪಿಸಿದರೆ ವಿಚಾರಣೆ. ಹದಿಮೂರರ ಸಂಜೆ ಐದರೊಳಗೆ, ಇಮೇಲಿನಲ್ಲಿ ಮಾತ್ರ.
1987ರಲ್ಲೂ ಈ ಕಟ್ಟಡಕ್ಕೆ ಕೈ ಹಾಕಿದ್ದರು. ಆಗ ಅಂಗಡಿ ಸಾಲು ಕಟ್ಟುವ ಆಸೆ. ಅವರಿಗೆ ನೆನಪಿಲ್ಲ. ನನಗಿದೆ.
ಎರಡು ಪುಟ ಬರೆದೆ. ಹಳೆಯ ಪತ್ರಗಳೆಲ್ಲ ಲಗತ್ತು. ಒತ್ತಿದೆ. ಹೋಗಲಿಲ್ಲ. ನನ್ನ ಮೇಲ್ ಪೆಟ್ಟಿಗೆಯ ಸ್ಟೋರೇಜ್ ಭರ್ತಿಯಂತೆ.

ಜೂನ್ 10
ಎದುರು ಮನೆಯ ಮೃದುಲಾ ಬ್ಯಾಂಕಿಗೆ ಹೊರಟವಳು ಬಂದು ನೋಡಿದಳು.
"ಕಾಕಾ, ಇದೇನಿದು! ನಿಮಗೆ ನೀವೇ ಕಾಗದ ಬರ್ಕೊಂಡಿದ್ದೀರಾ?"
"ಸಾಕ್ಷಿ."
ಪಾಲಿಕೆ ಕಚೇರಿಯ ಕಿಟಕಿಯಲ್ಲಿ ಮೊಹರು ಹಾಕಿಸಿದ ಪ್ರತಿ ಪುಟದ ಫೋಟೊ, ನನಗೇ ಮೇಲ್. ಪ್ರತಿ ಹೊಸ ದೂರಿಗೂ ಹಿಂದಿನದೆಲ್ಲ ಲಗತ್ತು. ಮೊಹರಿಲ್ಲದ ಕಾಗದವನ್ನು ಈ ಊರಲ್ಲಿ ಯಾರು ನಂಬಿದ್ದಾರೆ?
"ಅಳಿಸಿಬಿಡಿ."
"ನಾಳೆ ನಾನು ಬರೆದೇ ಇಲ್ಲ ಅಂತಾರೆ."
"ಅಳಿಸದಿದ್ರೆ ಇವತ್ತೇ ಬರೆಯೋಕಾಗಲ್ಲ!"
ಅವಲಕ್ಕಿಯ ಪೋಹೆ ತಿಂದು ಹೋದಳು.

ಜೂನ್ 12
ಅಳಿಸಿದೆ. ಬೀದಿದೀಪ, 2011. ಚರಂಡಿ, 2014... ಆದರೂ ಹೋಗದು. ಮೃದುಲಾಗೆ ಫೋನ್.
"ಕಸದ ಬುಟ್ಟಿ ಖಾಲಿ ಮಾಡಿದ್ರಾ?"
ಇಲ್ಲ. ಅಳಿಸಿದ್ದೂ ಅಲ್ಲಿ ಕೂತು ಜಾಗ ತಿನ್ನುತ್ತದಂತೆ. ಶಾಶ್ವತವಾಗಿ ಅಳಿಸಲೇ ಎಂದು ಕೇಳಿತು. ಚಹಾ ಕುಡಿದು ಬಂದು ಒತ್ತಿದೆ.

ಜೂನ್ 13. ಬೆಳಿಗ್ಗೆ 11
ಹೋಯಿತು. ಎರಡು ನಿಮಿಷಕ್ಕೆ ವಾಪಸ್. ಈಗ ಭರ್ತಿಯಾಗಿರುವುದು ಪಾಲಿಕೆಯವರ ಪೆಟ್ಟಿಗೆ! ಪೇಠೆಯಲ್ಲಿ ಎಲ್ಲರದ್ದೂ ವಾಪಸ್ ಬರುತ್ತಿದೆಯಂತೆ.

ಮಧ್ಯಾಹ್ನ 3.30. ಕಚೇರಿಯ ಬೆಂಚು
ಗುಮಾಸ್ತ ಭೋಂಡ್ವೆ ಪರದೆ ತಿರುಗಿಸಿದ. "ನೋಡಿ ಸಾಹೇಬ್. ಮೇಲಿಂದ ಕೆಳಗೆ ನೀವೇ. ಒಂದೊಂದೂ ಇಪ್ಪತ್ತು ಎಂಬಿ. ಉಳಿದೋರು ಎಲ್ಲಿ ನಿಲ್ಲಬೇಕು?"
"ಅಳಿಸಪ್ಪ ಮತ್ತೆ."
"ನಾಗರಿಕರ ದೂರು ಅಳಿಸೋ ಹಾಗಿಲ್ಲ. ಆ ಆದೇಶ ತಂದೋರು ಯಾರು?"
ನಾನೇ. 2016. ಎಂಟು ತಿಂಗಳು ಹೋರಾಡಿದ್ದೆ.
"ನೀವೇ ಎಲ್ಲಾ ವಾಪಸ್ ತಗೊಂಡೆ ಅಂತ ಬರ್ಕೊಟ್ರೆ ಆಗುತ್ತೆ."
ಬಿಳಿ ಹಾಳೆ ಕೊಟ್ಟ. ಪೆನ್ನು ನನ್ನದೇ.

4.20
ಬರೆದುಕೊಟ್ಟೆ. ಹದಿನಾರು ವರ್ಷದ ದೂರುಗಳು, ನಾಲ್ಕು ಸಾಲು. ಮೊಹರು ಬಿತ್ತು.
"ಫೋಟೊ ತಗೊಳಲ್ವಾ?" ಭೋಂಡ್ವೆ ನಕ್ಕ.
ಬೇಡ ಎಂದೆ.

4.50
ಅವನು ನನ್ನ ಹಳೆಯದೆಲ್ಲ ಅಳಿಸಿದ ಮೇಲೆ, ಲಗತ್ತಿಲ್ಲದೆ ಕಳಿಸಿದೆ. ಒಳಗೆ ಹೋಯಿತು. ಮತ್ತೆ ಕಳಿಸಿ ಎಂದು ಮೃದುಲಾ ಮನೆಮನೆಗೆ ಫೋನ್ ಮಾಡುತ್ತಿದ್ದಾಳೆ. ಭೋಂಡ್ವೆ ಬಂದ ಆಕ್ಷೇಪಗಳನ್ನು ನನಗೆ ಕೇಳಲೆಂದೇ ಜೋರಾಗಿ ಎಣಿಸುತ್ತಿದ್ದಾನೆ. ಮೂವತ್ತೆಂಟು. ಗಡಿಯಾರ ಅವನ ತಲೆಯ ಮೇಲೇ ಇದೆ. ನಲವತ್ತೊಂದು. ನಲವತ್ತಾರು —