ಮುಖೇಡಿ

ಮಾಸ್ಟರಿಗೆ ನಮಸ್ಕಾರ.

ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಮುಖೇಡಿ ಎನ್ನುತ್ತಾರೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅದರ ಅರ್ಥ ಬಿಡಿಸಿ ಹೇಳಿದ್ದು ಇಸ್ತ್ರಿ ಅಕ್ಕ: "ಮುಖಹೇಡಿ ಅನ್ನೋದೇ ಬಾಯಲ್ಲಿ ಸವೆದು ಹಾಗಾಗಿದೆ ಕಣೇ. ಮುಖ ಕೊಟ್ಟು ಮಾತಾಡೋಕೆ ಹೆದರೋಳು ಅಂತ. ಹೊಲಿಯೋಕೆ ಮುಖ ಯಾಕೆ, ಕೈ ಇದೆಯಲ್ಲ!"

ಮೊನ್ನೆ ಗಿರಾಕಿಯ ಕೋಟು ಸುಟ್ಟದ್ದು ಇಸ್ತ್ರಿ ಅಕ್ಕ ಅಲ್ಲ, ನಾನು. ಅಕ್ಕ ಊಟಕ್ಕೆ ಹೋಗಿದ್ದಾಗ ಗಿರಾಕಿ ಅವಸರ ಮಾಡಿದರು. ತಾಳಿ ಎನ್ನಲು ಬಾಯಿ ಬರದೆ ನಾನೇ ಇಸ್ತ್ರಿ ಹಾಕಿದೆ. ನೀವು ಅಕ್ಕನನ್ನು ಕೆಲಸದಿಂದ ತೆಗೆದಾಗಲೂ ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ. ಅದಕ್ಕೇ ಈ ಕಾಗದ.

ದಯವಿಟ್ಟು ಅವರನ್ನು ವಾಪಸ್ ಕರೆಯಿರಿ. ನಾಳೆ ನನ್ನನ್ನು ಕೇಳಿದರೆ ಮತ್ತೆ ನೆಲ ನೋಡುತ್ತೇನೆ. ಆಗ ಇದನ್ನೇ ಎಲ್ಲರೆದುರು ಗಟ್ಟಿಯಾಗಿ ಓದಿಬಿಡಿ. ನಾನು ಎದ್ದು ಹೋಗುವುದಿಲ್ಲ.

ಇತಿ,
ಮೂರನೇ ಮಷಿನ್ನಿನ ಹುಡುಗಿ